ಕೈಗಾಡಿಗೆ ಹಸಿರು

ಗಾಡಿಯ ಹಿಂದೆ ಇರುವವಳಿಗೆ ದಾರಿ ಕಾಣುವುದಿಲ್ಲ. ತಲೆ ತಗ್ಗಿಸಿ, ಹಣೆಯನ್ನು ಮೂಟೆಗೆ ಒತ್ತಿ, ಎರಡೂ ಕೈಯಲ್ಲಿ ತಳ್ಳಬೇಕು. ಕಾಣುವುದು ತನ್ನದೇ ಎರಡು ಪಾದ. ಪಾದಗಳ ನಡುವೆ ಒಂದು ಗೇಣು ಟಾರು. ಹತ್ತೊಂಬತ್ತು ವರ್ಷ ನಾನು ಕಂಡ ಊರು ಅಷ್ಟೇ.

ಮುಂದೆ ಮೂಕಿ ಹಿಡಿದು ಎಳೆಯುವವನು ನನ್ನ ಗಂಡ. ಮಂಡಿಯಲ್ಲಿ ಎಲ್ಲರೂ ಅವನನ್ನು ಬ್ರೇಕು ಅನ್ನುತ್ತಾರೆ. ಕೈಗಾಡಿಗೆ ಬ್ರೇಕು ಇರುವುದಿಲ್ಲ. ಇಳಿಜಾರಿನಲ್ಲಿ ತುಂಬಿದ ಗಾಡಿ ನಿಲ್ಲಬೇಕಾದರೆ ಎಳೆಯುವವನು ಹಿಮ್ಮಡಿ ಊರಿ, ಬೆನ್ನು ಹಿಂದಕ್ಕೆ ಕೊಟ್ಟು, ತಾನೇ ಬ್ರೇಕಾಗಬೇಕು. ಅವನಷ್ಟು ಚೆನ್ನಾಗಿ ನಿಲ್ಲಿಸುವವರು ಇಡೀ ಗಾಡಿ ಸ್ಟ್ಯಾಂಡಿನಲ್ಲಿ ಇರಲಿಲ್ಲ.

ಮಂಡಿಯಿಂದ ಗೋದಾಮಿಗೆ ಹೋಗಬೇಕಾದರೆ ಆರು ರಸ್ತೆ ಸೇರುವ ದೊಡ್ಡ ಸರ್ಕಲ್ಲು ದಾಟಬೇಕು. ಅದು ಬಟ್ಟಲಿನ ತಳದ ಹಾಗಿದೆ. ಈ ಕಡೆ ಇಳಿಜಾರು, ಆ ಕಡೆ ಏರು. ತುಂಬಿದ ಗಾಡಿ ದಾಟಲು ಒಂದು ನಿಮಿಷ ಬೇಕು. ಸಿಗ್ನಲ್ಲು ಕೊಡುತ್ತಿದ್ದುದು ಇಪ್ಪತ್ತೈದು ಸೆಕೆಂಡು. ನಡುವೆ ಕೆಂಪು ಬಿದ್ದರೆ ಆರೂ ಕಡೆಯಿಂದ ಹಾರ್ನು. ಕಿಟಕಿ ಇಳಿಸಿ ಉಗಿದವರಿದ್ದಾರೆ. ಒಬ್ಬ ಬೈಕಿನವನು ನನ್ನ ಸೊಂಟಕ್ಕೆ ಒದ್ದು ಹೋದ. ನಾನು ತಿರುಗಿ ನೋಡಲಿಲ್ಲ. ಏರಿನಲ್ಲಿ ಕೈ ಬಿಟ್ಟರೆ ಗಾಡಿ ನನ್ನ ಮೇಲೇ ಜಾರುತ್ತದೆ.

ಸರ್ಕಲ್ಲಿನಲ್ಲಿ ಒಬ್ಬ ಹಳೇ ಪೇದೆ ಇದ್ದ. ಒಳ್ಳೆಯವನೇನಲ್ಲ. ಬಾಯಿ ತೆಗೆದರೆ ಹೊಲಸು. ಹಣ್ಣಿನ ಲೋಡು ದಾಟಿದರೆ ಕೈಗೆ ಸಿಕ್ಕಿದ್ದು ಎತ್ತಿಕೊಳ್ಳುತ್ತಿದ್ದ. ಆದರೆ ನಾವು ನಡುವೆ ಸಿಕ್ಕಿಕೊಂಡಾಗ ಸೀಟಿ ಊದಿ, ಕೈ ಎತ್ತಿ ಬಸ್ಸು ನಿಲ್ಲಿಸುತ್ತಿದ್ದ. "ಎಳಿಯೋ ಬ್ರೇಕು, ಎಳಿ! ಇಲ್ಲೇ ಸಂಸಾರ ಹೂಡ್ತೀಯಾ?" ಅನ್ನುತ್ತಿದ್ದ. ಬೈಗುಳದ ಜೊತೆಗೆ ನಮಗೆ ದಾರಿಯೂ ಸಿಗುತ್ತಿತ್ತು.

ಹೀಗಿರುವಾಗ ಸಿಗ್ನಲ್ಲಿನ ಆಫೀಸಿನಿಂದ ಮೇಡಂ ಬಂದಳು. ಆಗ ನಾನು "ಬಂದರು" ಅನ್ನುತ್ತಿದ್ದೆ. ಈಗ ಆ "ರು" ನನ್ನ ಬಾಯಿಗೆ ಬರುವುದಿಲ್ಲ.

ಸರ್ಕಲ್ಲಿಗೆ ಹೊಸ ಸಿಗ್ನಲ್ಲು ಬರುತ್ತದೆ, ಕಂಬದ ಮೇಲೆ ಕ್ಯಾಮರಾ ಇರುತ್ತದೆ, ಯಾವ ರಸ್ತೆಯಲ್ಲಿ ಎಷ್ಟು ಗಾಡಿ ಇವೆ ಅಂತ ಯಂತ್ರವೇ ನೋಡಿ ದೀಪ ಬದಲಿಸುತ್ತದೆ ಅಂತ ಅವಳು ಹೇಳಿದಳು. ಸ್ಟ್ಯಾಂಡಿಗೆ ಬಂದು ನಮ್ಮ ಮೂಕಿಯ ಮೇಲೇ ಕೂತಳು. ಮನೆಗೂ ಬಂದಳು. ನೆಲದ ಮೇಲೆ ಕೂತು, ಲೋಟ ಒರೆಸದೆ ನೀರು ಕುಡಿದಳು. ನಮ್ಮ ಮನೆಗೆ ಅಧಿಕಾರಿ ಅನ್ನಿಸಿಕೊಂಡವರು ಅದುವರೆಗೆ ಬಾಗಿಲ ತನಕವೇ ಬಂದಿದ್ದು.

"ಅಕ್ಕಾ, ಪೇದೆ ಕಣ್ಣಿಗೆ ಕಾರು ದೊಡ್ಡದು, ನೀವು ಸಣ್ಣೋರು. ಮಿಷನ್ನಿಗೆ ಆ ಮೇಲು ಕೀಳು ಗೊತ್ತಿಲ್ಲ" ಅಂದಳು. "ಕೈಗಾಡಿ ಕಂಡ್ರೆ ಹಸಿರು ಹಿಡ್ಕೊಂಡಿರತ್ತೆ. ನೀವು ದಾಟೋ ತನಕ."

"ಪೂರ್ತಿ ದಾಟೋ ತನಕಾನಾ?" ನನ್ನ ಗಂಡ ಕೇಳಿದ.

"ಪೂರ್ತಿ, ಅಣ್ಣ. ಆದ್ರೆ ಅದಕ್ಕೆ ಕೈಗಾಡಿ ಅಂದ್ರೆ ಏನು ಅಂತ ಗೊತ್ತಿಲ್ಲ. ಹೊರದೇಶದಲ್ಲಿ ಮಾಡಿದ್ದು. ಅಲ್ಲಿ ಕಾರು, ಬಸ್ಸು ಮಾತ್ರ ಕಲಿಸಿದ್ದಾರೆ. ನೀವು ಕಲಿಸ್ಬೇಕು."

ನಾವು ಕಲಿಸಿದೆವು. ಇಪ್ಪತ್ತಾರು ದಿನ. ನಮ್ಮ ಬಾಡಿಗೆ ಬಿಟ್ಟು, ಸುಡುವ ಬಿಸಿಲಿನಲ್ಲಿ ಕ್ಯಾಮರಾದ ಮುಂದೆ ಅದೇ ಸರ್ಕಲ್ಲನ್ನು ಹೋಗಿ ಬಂದು ದಾಟಿದೆವು. ಖಾಲಿ ಗಾಡಿ. ತುಂಬಿದ ಗಾಡಿ. ಟಾರ್ಪಾಲು ಹೊದಿಸಿದ ಗಾಡಿ. ಒಬ್ಬನೇ ಎಳೆದರೆ ಹೇಗೆ, ಇಬ್ಬರಿದ್ದರೆ ಹೇಗೆ. ಮೂಟೆಗಳು ನಿಜವಾದ ಮೂಟೆಗಳು, ತೂಕ ನಿಜವಾದ ತೂಕ. "ಬಗ್ಗಿ ಅಕ್ಕಾ, ಇನ್ನೂ ಬಗ್ಗಿ, ದಿನಾ ಹೇಗೆ ತಳ್ತೀರೋ ಹಾಗೆ" ಅಂತ ಅವಳು ನೆರಳಿನಲ್ಲಿ ನಿಂತು ಕೂಗುತ್ತಿದ್ದಳು. ಅಂಗೈ ಒಡೆದು ರಕ್ತ ಬಂದಾಗ ತಾನೇ ಬಟ್ಟೆ ಕಟ್ಟಿದಳು. ಒಂದು ದಿನ ತನ್ನ ಲ್ಯಾಪ್‌ಟಾಪಿನ ಪರದೆ ತೋರಿಸಿದಳು. ಮೇಲಿನಿಂದ ಕಾಣುವ ರಸ್ತೆ. ಒಂದು ಗಾಡಿ. ಗಾಡಿಗೆ ಅಂಟಿಕೊಂಡ ಹುಳುವಿನ ಹಾಗೆ ಒಂದು ಹೆಂಗಸು. ಸುತ್ತ ಹಸಿರು ಚೌಕ.

"ನೋಡಿ, ಗುರುತು ಹಿಡೀತು! ಇದು ನೀವೇ" ಅಂದಳು. ನನಗೆ ಕಣ್ಣು ತುಂಬಿತು. ನನ್ನನ್ನು ಒಂದು ಯಂತ್ರವಾದರೂ ಗುರುತು ಹಿಡಿಯಿತಲ್ಲ ಅನ್ನಿಸಿತು.

ಸ್ಟ್ಯಾಂಡಿನ ನಲವತ್ತು ಗಾಡಿಯವರನ್ನೂ ಒಪ್ಪಿಸಿದವಳು ನಾನೇ. ಎಲ್ಲರೂ ತಮ್ಮ ಗಾಡಿಯ ಫೋಟೋ ತೆಗೆಸಿ, ಹೆಸರು, ಮನೆ ವಿಳಾಸ ಬರೆಸಿದರು. ಮೊದಲಿಗೆ ಒಪ್ಪದೆ ಕೂತವನು ಒಬ್ಬನೇ. ಅವನನ್ನು ನಾವು ಮುಂಗೋಪಿ ಅನ್ನುತ್ತೇವೆ. ನನ್ನ ಗಂಡನಿಗಿಂತ ಹಿರಿಯ, ಅರ್ಧ ಜನ್ಮ ಗಾಡಿ ಎಳೆದವನು.

"ಯಾರ ಕಣ್ಣಿಗೂ ಬೀಳ್ದೆ ಇದ್ದಿದ್ದಕ್ಕೇ ಇಷ್ಟು ದಿನ ಬದುಕಿದ್ದೀವಿ ಕಣಮ್ಮಾ" ಅಂದ. "ನೀನೇ ಕರ್ಕೊಂಡ್ಹೋಗಿ ಕಣ್ಣಿಗೆ ಬೀಳಿಸ್ತಿದ್ದೀಯಲ್ಲ."

"ಎಲ್ಲಾದಕ್ಕೂ ಕೊಂಕು ತೆಗೀಬೇಡ ಮಾವಾ" ಅಂದೆ. ಕೈ ಹಿಡಿದು ಎಳೆದುಕೊಂಡು ಹೋಗಿ ಅವನ ಫೋಟೋವನ್ನೂ ತೆಗೆಸಿದೆ.

ಸಿಗ್ನಲ್ಲು ಶುರುವಾದ ದಿನ ಮೇಡಂ ಆಫೀಸಿನ ದೊಡ್ಡ ಸಾಹೇಬರು ಬಂದು ರಿಬ್ಬನ್ ಕತ್ತರಿಸಿದರು. ಕಂಬಕ್ಕೆ ಬೋರ್ಡು ಹಾಕಿದರು: ಎಲ್ಲರಿಗೂ ಹಸಿರು. ಹಳೇ ಪೇದೆಯನ್ನು ಬೇರೆ ಕಡೆ ಕಳಿಸಿದರು.

ಸುಳ್ಳು ಯಾಕೆ ಹೇಳಲಿ, ಮೊದಲ ನಾಲ್ಕು ವಾರ ಯಂತ್ರ ಮಾತು ಉಳಿಸಿಕೊಂಡಿತು. ನಾವು ಇಳಿಜಾರಿಗೆ ಬಂದರೆ ಹಸಿರು. ಏರು ಹತ್ತಿ ಮುಗಿಯುವ ತನಕ ಹಸಿರು. ದೊಡ್ಡ ದೊಡ್ಡ ಕಾರುಗಳು ಸಾಲಾಗಿ ನಿಂತು ಕಾಯುತ್ತಿದ್ದವು. ನನ್ನ ಗಂಡ ಅಷ್ಟು ಭಾರ ಎಳೆಯುತ್ತಲೂ ಸಿಳ್ಳೆ ಹಾಕಿದ. "ಏನೇ, ಮಂತ್ರಿ ಮೆರವಣಿಗೆ ಹೊರಟ ಹಾಗಿದೆಯಲ್ಲೇ!" ಅಂದ. ನಾನು ಒಂದು ಸಲ ಹಣೆಯನ್ನು ಮೂಟೆಯಿಂದ ಎತ್ತಿ ಸುತ್ತ ನೋಡಿದೆ. ಸರ್ಕಲ್ಲಿನ ಆಚೆ ಒಂದು ಬಟ್ಟೆ ಅಂಗಡಿ ಇದೆ ಅಂತ ನನಗೆ ಆವತ್ತೇ ಗೊತ್ತಾಗಿದ್ದು.

ಐದನೇ ವಾರ ಹಸಿರು ಹಿಡಿಯಲಿಲ್ಲ. ಕೆಟ್ಟಿರಬೇಕು ಅಂದುಕೊಂಡೆವು. ಆಮೇಲೆ ಇಳಿಜಾರಿನಲ್ಲಿ ಐದು ನಿಮಿಷ, ಏಳು ನಿಮಿಷ ಕಾಯಿಸತೊಡಗಿತು. ಐದು ನಿಮಿಷ ಇಳಿಜಾರಿನಲ್ಲಿ ತುಂಬಿದ ಗಾಡಿಯನ್ನು ಹಿಮ್ಮಡಿಯಲ್ಲಿ ತಡೆದು ನಿಲ್ಲುವುದು ಅಂದರೆ ಏನು ಅಂತ ಆ ಯಂತ್ರ ಮಾಡಿದವನಿಗೆ ಗೊತ್ತಿಲ್ಲ. ನನ್ನ ಗಂಡನ ತೊಡೆ ನಡುಗುವುದು ಗಾಡಿಯ ಹಲಗೆಯ ಮೂಲಕ ನನ್ನ ಕೈಗೆ ತಿಳಿಯುತ್ತಿತ್ತು. ಅವನ ಹಿಮ್ಮಡಿ ಸೀಳಿ, ಟಾರಿನ ಮೇಲೆ ಒದ್ದೆ ಗುರುತು ಬೀಳುತ್ತಿತ್ತು. ಕಂಬದಲ್ಲಿ ಮೈಕು ಇತ್ತು. ಅದರಲ್ಲಿ ಒಂದು ಹೆಣ್ಣು ದನಿ ಇಂಪಾಗಿ ಹೇಳುತ್ತಿತ್ತು: "ಕೈಗಾಡಿಯವರೇ, ಹಿಂದೆ ಸರಿಯಿರಿ. ನೀವು ಸಂಚಾರಕ್ಕೆ ಅಡ್ಡಿಯಾಗಿದ್ದೀರಿ." ಬಸ್ಸಿನ ಕಿಟಕಿಯಿಂದ ಜನ ನಗುತ್ತಿದ್ದರು. ತುಂಬಿದ ಗಾಡಿ ಹಿಂದೆ ಸರಿಯುತ್ತದೆಯೇ?

ಆಮೇಲೆ ಸ್ಟ್ಯಾಂಡಿಗೆ ವ್ಯಾನು ಬಂತು. ಕೆಂಪು ದೀಪ ದಾಟಿದವರ ಫೋಟೋ ಹಿಡಿದು, ವಿಳಾಸ ಓದಿ, ಗಾಡಿ ಎತ್ತಿಕೊಂಡು ಹೋದರು. ವಾರದಲ್ಲಿ ಒಂಬತ್ತು ಗಾಡಿ. ವಿಳಾಸ ಬರೆಸಿದವಳು ನಾನು. ಮುಂಗೋಪಿ ನನ್ನ ಮುಂದೆ ಬಂದು ನಿಂತ. ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ. ನೆಲಕ್ಕೆ ಉಗಿದು ಹೋದ. ಆವತ್ತಿನಿಂದ ಸ್ಟ್ಯಾಂಡಿನಲ್ಲಿ ನನ್ನ ಜೊತೆ ಯಾರೂ ಮಾತಾಡಲಿಲ್ಲ.

ನಾನು ಮೇಡಂಗೆ ಫೋನು ಮಾಡಿದೆ. ಎತ್ತಲಿಲ್ಲ. ಪಕ್ಕದ ಮನೆಯವಳ ಫೋನಿನಿಂದ ಮಾಡಿದೆ. ಎತ್ತಿದಳು. ನನ್ನ ದನಿ ಕೇಳಿ ಇಟ್ಟಳು.

ಮರುವಾರ ಅದು ನಡೆಯಿತು. ಎಂಟು ನಿಮಿಷ ಕಾಯಿಸಿ ಹಸಿರು ಕೊಟ್ಟಿತು. ನಾವು ಇಳಿದೆವು. ನಾಲ್ಕು ಹೆಜ್ಜೆಗೆ ಕೆಂಪಾಯಿತು. ಅಡ್ಡ ರಸ್ತೆಯಿಂದ ಬಸ್ಸು ನುಗ್ಗಿತು. ನನ್ನ ಗಂಡ "ಬಿಡಬೇಡ!" ಅಂತ ಕಿರುಚಿ ಹಿಮ್ಮಡಿ ಊರಿದ. ಎಂಟು ನಿಮಿಷ ನಡುಗಿದ ಕಾಲು. ನಿಲ್ಲಲಿಲ್ಲ. ನಾನು ಹಿಂದಿನಿಂದ ಹಲಗೆ ಹಿಡಿದು ಜಗ್ಗಿದೆ. ನನ್ನನ್ನೂ ಎಳೆದುಕೊಂಡು ಹೋಯಿತು. ಬಸ್ಸಿಗೆ ಒಂದು ಮಾರು ದೂರದಲ್ಲಿ ಗಾಡಿ ನಿಂತಿತು. ನಿಂತಿದ್ದು ಅವನ ಬಲಗಾಲಿನ ಮೇಲೆ. ಚಕ್ರದ ಕಬ್ಬಿಣದ ಪಟ್ಟಿ ಪಾದದ ಮೇಲೆ ಹತ್ತಿ ಅಲ್ಲೇ ಕೂತಿತ್ತು.

ಮೈಕು ಹೇಳುತ್ತಲೇ ಇತ್ತು: "ಕೈಗಾಡಿಯವರೇ, ಹಿಂದೆ ಸರಿಯಿರಿ."

ಆಸ್ಪತ್ರೆಯಲ್ಲಿ ಮೂಳೆ ಕೂಡಿಸಿದರು. ಸರಿಯಾಗಿ ಕೂಡಲಿಲ್ಲ, ಇನ್ನೊಂದು ಆಪರೇಷನ್ ಆಗಬೇಕು, ಆಗದಿದ್ದರೆ ಈ ಕಾಲಿನ ಮೇಲೆ ಭಾರ ಬಿಡುವ ಹಾಗಿಲ್ಲ ಅಂದರು. ಅವನಿಗೆ ಪ್ರಜ್ಞೆ ಬಂದ ದಿನವೇ ಪೊಲೀಸಿನವರು ಕಾಗದ ತಂದರು. ಕೆಂಪು ದೀಪ ದಾಟಿದ್ದಾನೆ ಅಂತ ಅವನ ಮೇಲೆ ಕೇಸು. ಕಾಗದದಲ್ಲಿ ಫೋಟೋ ಇತ್ತು. ನಾನು ಅಳುತ್ತ ನೋಡಿದ್ದ ಅದೇ ಚೌಕ. ಬಣ್ಣ ಮಾತ್ರ ಕೆಂಪಾಗಿತ್ತು.

ನಾನು ಮೇಡಂನ ಆಫೀಸಿಗೆ ಹೋದೆ. ಬೆಳಿಗ್ಗೆಯಿಂದ ಗೇಟಿನಲ್ಲಿ ಕೂತೆ. ಕಾವಲಿನವನು ಎರಡು ಸಲ ಎಬ್ಬಿಸಿದ. ಎದ್ದು ಇನ್ನೊಂದು ಕಡೆ ಕೂತೆ. ಊಟದ ಹೊತ್ತಿಗೆ ಅವಳು ಹೊರಗೆ ಬಂದಳು. ನನ್ನನ್ನು ನೋಡಿ ನಿಂತಳು. ಒಳಗೆ ಕರೆದಳು. ಗೋಡೆ ತುಂಬ ಪರದೆಗಳಿದ್ದ ತಣ್ಣನೆಯ ಕೋಣೆ. ಒಂದು ಪರದೆಯಲ್ಲಿ ನಮ್ಮ ಸರ್ಕಲ್ಲು ಕಾಣುತ್ತಿತ್ತು.

"ಮಿಷನ್ ಕೆಟ್ಟಿದೆಯಾ?" ಅಂತ ಕೇಳಿದೆ.

"ಇಲ್ಲ ಅಕ್ಕಾ."

"ನಮ್ಮನ್ನ ಗುರುತು ಹಿಡೀತಿಲ್ವಾ?"

"ಹಿಡೀತಿದೆ." ತಲೆ ತಗ್ಗಿಸಿದಳು. "ನಿಮಗೆ ಹಸಿರು ಕೊಟ್ಟರೆ ಬೇರೆ ಗಾಡಿಗಳ ವೇಗ ಕಡಿಮೆ ಆಗತ್ತೆ. ಸರಾಸರಿ ವೇಗ ಹೆಚ್ಚಾಯ್ತು ಅಂತ ತೋರಿಸ್ಬೇಕು. ಮೇಲಿನವರು ಸೆಟ್ಟಿಂಗ್ ಬದಲಾಯಿಸೋಕೆ ಹೇಳಿದ್ರು."

"ಹಾಗಾದ್ರೆ ಈಗ ಗುರುತು ಹಿಡಿದು ಏನ್ ಮಾಡತ್ತೆ?"

ಅವಳು ಪರದೆಯ ಕಡೆ ತಿರುಗಿದಳು.

"ಹೇಳು ಮಗಾ. ನಿನ್ನ ಮಿಷನ್ನಿಗೆ ಕಲಿಸಿದವಳು ನಾನು."

"ಕೈಗಾಡಿ ಕಂಡ್ರೆ ಕೆಂಪು ಕೊಡತ್ತೆ ಅಕ್ಕಾ."

ನಂಬಿದವರ ಕತ್ತು ಕೊಯ್ಯುವುದು ಅಂದರೆ ಇದು. ಬೇರೆಯವರ ಕತ್ತಿಯಾದರೆ ತಪ್ಪಿಸಿಕೊಳ್ಳಬಹುದಿತ್ತು. ಇಪ್ಪತ್ತಾರು ದಿನ ಬಿಸಿಲಿನಲ್ಲಿ ನಿಂತು ಇದನ್ನು ಮಸೆದುಕೊಟ್ಟವರೇ ನಾವು.

"ಸೆಟ್ಟಿಂಗ್ ಬದಲಾಯಿಸಿದ್ದು ಯಾರು? ಕೈ ಯಾರದು?" ಅಂದೆ.

"ನಾನೇ" ಅಂದಳು. ಅತ್ತಳು. ಅವಳ ಅಳು ನಿಜವೇ ಇರಬಹುದು. ನನಗೆ ಅದರಿಂದ ಏನೂ ಆಗಬೇಕಾಗಿರಲಿಲ್ಲ.

ಎರಡು ತಿಂಗಳ ಮೇಲೆ ಅವಳು ಮತ್ತೆ ಮನೆಗೆ ಬಂದಳು. ಈ ಸಲ ಬಾಗಿಲಲ್ಲೇ ನಿಂತಳು. ನಮ್ಮಂಥದೇ ಬಡ ದೇಶಗಳಿಂದ ಅಧಿಕಾರಿಗಳು ಬರುತ್ತಾರೆ, ಇದೇ ಯಂತ್ರವನ್ನು ತಮ್ಮ ಊರುಗಳಲ್ಲಿ ಹಾಕಿಸಬೇಕು ಅಂತಿದ್ದಾರೆ, ಅವರ ಮುಂದೆ ಒಂದು ಕೈಗಾಡಿ ಸರ್ಕಲ್ಲು ದಾಟಬೇಕು ಅಂದಳು.

"ಆವತ್ತು ಹಳೇ ಸೆಟ್ಟಿಂಗ್ ಹಾಕ್ತೀವಿ. ನೀವು ದಾಟೋ ತನಕ ಹಸಿರು. ಒಂದ್ಸಲ ದಾಟಿಬಿಡಿ ಅಕ್ಕಾ. ಅಣ್ಣನ ಕೇಸು ವಾಪಸ್ ತಗೋತಾರೆ. ಪುಕ್ಕಟೆ ಆಪರೇಷನ್ನಿಗೂ ಚೀಟಿ ಕೊಡಿಸ್ತೀನಿ. ಸಾಹೇಬರೇ ಮಾತು ಕೊಟ್ಟಿದ್ದಾರೆ."

ನಾನು ಬಾಗಿಲು ಹಾಕಲು ಹೋದೆ. ಒಳಗಿನಿಂದ ನನ್ನ ಗಂಡ ಕೂಗಿದ. "ಒಪ್ಕೋ."

ಅವನು ಗೋಡೆಗೆ ಒರಗಿ ಕೂತಿದ್ದ. ಕಾಲು ದಿಂಬಿನ ಮೇಲೆ. ಊದಿ ಬಣ್ಣ ತಿರುಗಿದ ಕಾಲು. "ಒಂದ್ಸಲ ದಾಟೋದು ತಾನೆ. ಬಾಯಿ ಬಿಡಬೇಡ. ದಾಟು, ಬಾ. ಎಷ್ಟು ದಿನ ಅಂತ ಹೀಗೆ ಕೂತಿರ್ಲಿ ನಾನು?"

ಎಳೆಯಲು ಯಾರೂ ಇರಲಿಲ್ಲ. ಅವನೇ ಮುಂಗೋಪಿಗೆ ಹೇಳಿ ಕಳಿಸಿದ. ಮುಂಗೋಪಿ ಬಂದ. ನನ್ನ ಮುಖ ನೋಡದೆ "ಬ್ರೇಕಿನ ಕಾಲಿಗೋಸ್ಕರ ಬಂದಿದ್ದೀನಿ. ನಿನಗೋಸ್ಕರ ಅಲ್ಲ" ಅಂದ.

ಆವತ್ತು ಬೆಳಿಗ್ಗೆ ಸರ್ಕಲ್ಲಿನ ಅಂಚಿನಲ್ಲಿ ಶಾಮಿಯಾನ. ಅದರ ಕೆಳಗೆ ಇಪ್ಪತ್ತು ಮೂವತ್ತು ಜನ ಹೊರದೇಶದವರು. ಪಕ್ಕದಲ್ಲಿ ದೊಡ್ಡ ಪರದೆ. ನಮ್ಮ ಗಾಡಿಗೆ ಹೊಸ ಬಣ್ಣ ಬಳಿದಿದ್ದರು. ಮೂಟೆಗಳನ್ನು ಅವರೇ ಪೇರಿಸಿ ಇಟ್ಟಿದ್ದರು, ತಲೆಯ ಎತ್ತರಕ್ಕೆ. ನನಗೆ ಹೊಸ ಸೀರೆ ಕೊಟ್ಟು ಉಡಿಸಿದ್ದರು. ಮೈಕಿನಲ್ಲಿ ದೊಡ್ಡ ಸಾಹೇಬರು ಏನೋ ಹೇಳಿದರು. ಮುಂಗೋಪಿ ಮೂಕಿ ಎತ್ತಿದ. ನಾನು ಅಭ್ಯಾಸದ ಹಾಗೆ ತಲೆ ತಗ್ಗಿಸಿ, ಹಣೆ ಒತ್ತಿ, ಉಸಿರು ಬಿಗಿಹಿಡಿದು ತಳ್ಳಿದೆ.

ಕೈಗೆ ಭಾರ ಸಿಗಲಿಲ್ಲ.

ಮುಗ್ಗರಿಸಿ ಬೀಳುವುದರಲ್ಲಿದ್ದೆ. ಹಣೆ ಮೂಟೆಯೊಳಕ್ಕೆ ಹೂತುಹೋಯಿತು. ಒಳಗೆ ಸ್ಪಂಜು. ಅಷ್ಟೂ ಮೂಟೆಯಲ್ಲಿ ಸ್ಪಂಜು ತುಂಬಿದ್ದರು. ಗಾಡಿ ಬೇಗ ದಾಟಲಿ ಅಂತ. ನೋಡುವವರಿಗೆ ಚೆಂದ ಕಾಣಲಿ ಅಂತ.

ಹಸಿರು ಬಿತ್ತು. ಆರೂ ರಸ್ತೆಯಲ್ಲಿ ಗಾಡಿಗಳು ನಿಂತವು. ಶಾಮಿಯಾನದವರು ಚಪ್ಪಾಳೆ ತಟ್ಟಿದರು. ಗಾಡಿ ಇಳಿಜಾರಿನಲ್ಲಿ ಆಟಿಕೆಯ ಹಾಗೆ ಉರುಳಿತು. ನಾನು ತಲೆ ಎತ್ತಿ ನಡೆದೆ. ಭಾರ ಇಲ್ಲದಿದ್ದರೆ ಎಲ್ಲವೂ ಕಾಣುತ್ತದೆ. ಆ ಹೊರದೇಶದವರ ಮುಖಗಳು ಕಂಡವು. ದೊಡ್ಡವರ ಮುಖಗಳೇನಲ್ಲ. ನಮ್ಮ ಹಾಗೇ ಬೆವರು ಒರೆಸಿಕೊಳ್ಳುವ ಮುಖಗಳು. ಒಬ್ಬಳು ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಅವಳ ಊರಿನಲ್ಲೂ ಮಂಡಿ ಇರುತ್ತದೆ. ಅಲ್ಲೂ ಒಬ್ಬಳು ಗಾಡಿಯ ಹಿಂದೆ ತಲೆ ತಗ್ಗಿಸಿ ತಳ್ಳುತ್ತಿರುತ್ತಾಳೆ. ನಾನು ಇವತ್ತು ದಾಟಿದರೆ ನಾಳೆ ಅವಳ ಮನೆಗೆ ಒಬ್ಬಳು ಮೇಡಂ ಹೋಗಿ ನೆಲದ ಮೇಲೆ ಕೂತು ನೀರು ಕುಡಿಯುತ್ತಾಳೆ.

ಸರ್ಕಲ್ಲಿನ ನಟ್ಟನಡುವೆ ಬಂದಿದ್ದೆವು.

"ಮಾವಾ, ನಿಲ್ಲಿಸು" ಅಂದೆ.

"ಏನು?"

"ನಿಲ್ಲಿಸು. ಮೂಕಿ ಕೆಳಗಿಡು."

ಮುಂಗೋಪಿ ತಿರುಗಿ ನೋಡಿದ. ತಿಂಗಳುಗಳ ಮೇಲೆ ಮೊದಲ ಸಲ ನನ್ನ ಮುಖ ನೋಡಿದ. ಯಾಕೆ ಅಂತ ಕೇಳಲಿಲ್ಲ. ಮೂಕಿ ಕೆಳಗಿಟ್ಟು ಅದರ ಮೇಲೆ ಕೂತ.

ಯಂತ್ರ ಕಾಯಿತು. ದಾಟುವ ತನಕ ಹಸಿರು ಅಂತ ಆವತ್ತು ಅದಕ್ಕೆ ಹೇಳಿದ್ದರು. ಅದು ಹೇಳಿದಷ್ಟನ್ನು ಮಾಡಿತು. ನಮಗೆ ಹಸಿರು, ಉಳಿದವರಿಗೆಲ್ಲ ಕೆಂಪು. ಒಂದು ನಿಮಿಷ. ಐದು ನಿಮಿಷ. ಚಪ್ಪಾಳೆ ನಿಂತಿತು. ಹಾರ್ನು ಶುರುವಾಯಿತು. ದೊಡ್ಡ ಸಾಹೇಬ "ಆಫ್ ಮಾಡ್ರೀ ಅದನ್ನ" ಅಂತ ಹಲ್ಲು ಕಡಿದ. "ಸರ್, ಪರದೆಯಲ್ಲಿ ಎಲ್ಲಾರೂ ನೋಡ್ತಿದ್ದಾರೆ" ಅಂದ ಒಬ್ಬ. ಮೇಡಂ ಓಡಿ ಬಂದಳು.

"ಅಕ್ಕಾ, ಏನಾಯ್ತು? ನಡೀರಿ ಅಕ್ಕಾ, ಕಾಲಿಗೆ ಬೀಳ್ತೀನಿ."

ನಾನು ಒಂದು ಮೂಟೆ ಎಳೆದು ರಸ್ತೆಗೆ ಎಸೆದೆ. ಅದು ಸದ್ದಿಲ್ಲದೆ ಬಿತ್ತು. ಇನ್ನೊಂದು ಎಸೆದೆ. ಅದರ ಬಾಯಿ ಬಿಚ್ಚಿ ಸ್ಪಂಜು ಹೊರಗೆ ಬಂತು. ಪುಸ್ತಕ ಹಿಡಿದವಳು ಶಾಮಿಯಾನದಿಂದ ಇಳಿದು ಬಂದಳು. ಬಗ್ಗಿ ಒಂದು ತುಂಡು ಎತ್ತಿ ಹಿಸುಕಿ ನೋಡಿದಳು. ಮೇಡಂ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಕೇಳಿದಳು.

"ದಿನಾ ಹೀಗೇ ಕಾಯತ್ತಾ ಅಂತ ಕೇಳ್ತಿದ್ದಾರೆ" ಅಂದಳು ಮೇಡಂ. "ಹೌದು ಅನ್ನಿ ಅಕ್ಕಾ."

"ಇಲ್ಲ" ಅಂದೆ. ಕಂಬ ತೋರಿಸಿದೆ. ಒಂದು ಬೆರಳು ಎತ್ತಿದೆ. "ಇವತ್ತು ಒಂದೇ ದಿನ. ಹೇಳು ಅವರಿಗೆ. ನನ್ನ ಗಂಡನ ಕಾಲು ತಿಂದಿದ್ದು ಇದೇ ಕಂಬ ಅಂತಾನೂ ಹೇಳು."

ಮೇಡಂ ಹೇಳಲಿಲ್ಲ. ಆ ಹೆಂಗಸು ನನ್ನ ಬೆರಳನ್ನೇ ನೋಡುತ್ತ ನಿಂತಳು. ಆಮೇಲೆ ಪುಸ್ತಕದಲ್ಲಿ ಏನೋ ಹೊಡೆದುಹಾಕಿದಳು.

ಇಪ್ಪತ್ತು ನಿಮಿಷದ ಮೇಲೆ ಪೊಲೀಸಿನವರು ಬಂದು ನಮ್ಮಿಬ್ಬರನ್ನೂ ಎಳೆದು ವ್ಯಾನಿಗೆ ಹಾಕಿದರು. ಮುಂಗೋಪಿ ದಾರಿಯುದ್ದಕ್ಕೂ ನಗುತ್ತಿದ್ದ. "ಸ್ಪಂಜು ಕಣಮ್ಮಾ! ಇಷ್ಟು ವರ್ಷದಲ್ಲಿ ಮೊದಲ ಸಲ ಬೆನ್ನು ನೋಯ್ತಿಲ್ಲ!"

ಸ್ಟೇಷನ್ನಿನಲ್ಲಿ ಇನ್ಸ್‌ಪೆಕ್ಟರು ಹೊಡೆಯಲಿಲ್ಲ. ಕುರ್ಚಿ ಕೊಟ್ಟ. ಆಗಲೇ ನನಗೆ ಅನುಮಾನ ಬಂತು. ರೈಟರು ಒಂದು ಹಾಳೆ ಓದಿದ: ಗಾಡಿಯ ಅಚ್ಚು ಮುರಿದ ಕಾರಣ ಸರ್ಕಲ್ಲಿನ ನಡುವೆ ಗಾಡಿ ನಿಂತಿತು. ಯಂತ್ರದಲ್ಲಿ ಯಾವ ದೋಷವೂ ಇಲ್ಲ. ನಮ್ಮಿಂದ ಆದ ತೊಂದರೆಗೆ ಕ್ಷಮೆ ಇರಲಿ.

"ಇಲ್ಲಿ ಸಹಿ ಹಾಕಿ ಮನೆಗೆ ಹೋಗು" ಅಂದ ಇನ್ಸ್‌ಪೆಕ್ಟರ್. "ಸಾಹೇಬರು ದೊಡ್ಡ ಮನಸ್ಸು ಮಾಡಿದ್ದಾರೆ. ಕೇಸು ಇರಲ್ಲ. ಆಪರೇಷನ್ ಚೀಟಿ ಹಾಗೇ ಇರತ್ತೆ. ಹಾಕ್ಲಿಲ್ಲ ಅಂದ್ರೆ ಮೂರೂ ಜನದ ಮೇಲೆ ಕೇಸು. ಗಾಡಿ ಕೈ ಬಿಟ್ಟ ಹಾಗೇ ಲೆಕ್ಕ. ಆಸ್ಪತ್ರೆ ಆಸೆಯೂ ಬಿಡು."

ನಾನು ಪೆನ್ನು ಮುಟ್ಟಲಿಲ್ಲ. ಅಷ್ಟರಲ್ಲಿ ಹೊರಗೆ ಕಾರು ನಿಂತಿತು. ಮೇಡಂ ನನ್ನ ಗಂಡನನ್ನು ಕರೆದುಕೊಂಡು ಬಂದಿದ್ದಳು, ನನಗೆ ಬುದ್ಧಿ ಹೇಳಿಸಲು. ಅವನು ಊರುಗೋಲಿನ ಮೇಲೆ ಕುಂಟುತ್ತ ಬಂದು ಎದುರಿನ ಬೆಂಚಿನ ಮೇಲೆ ಕೂತ. ನನ್ನ ಕಡೆ ನೋಡಲಿಲ್ಲ. ದಾಟು, ಬಾ ಅಂದಿದ್ದ. ಅವನ ಕಾಲನ್ನು ನಡುರಸ್ತೆಯಲ್ಲಿ ಬಿಟ್ಟು ಬಂದವಳು ನಾನು. ಅವನು ಏನು ಅಂದರೂ ಅನ್ನಿಸಿಕೊಳ್ಳಬೇಕಿತ್ತು.

"ಓದಿ ಹೇಳ್ರೀ ಇವನಿಗೆ" ಅಂದ ಇನ್ಸ್‌ಪೆಕ್ಟರ್.

ರೈಟರು ಓದಿದ. ಅಚ್ಚು ಮುರಿದ ಕಾರಣ, ಅಂತ ಶುರು ಮಾಡಿದ.

"ತಡೀರಿ" ಅಂದ ನನ್ನ ಗಂಡ. "ಯಾವ ಅಚ್ಚು?"

"ನಿನ್ನ ಗಾಡಿದು."

"ಆ ಅಚ್ಚು ಹಾಕಿದ್ದು ನಾನು. ಕಬ್ಬಿಣ ಆರಿಸಿ, ಕುಲುಮೆಯಲ್ಲಿ ಎದುರಿಗೆ ನಿಂತು ಕಾಯಿಸಿ ಹಾಕಿಸಿದ್ದು. ನನ್ನ ಕಾಲು ಮುರೀಬಹುದು ಸ್ವಾಮಿ. ಅದು ಮುರಿಯಲ್ಲ."

"ಅಣ್ಣಾ, ಸುಮ್ನೆ ಒಂದು ಮಾತಿಗೆ ಬರೆದಿದ್ದು" ಅಂದಳು ಮೇಡಂ.

"ಗಾಡಿ ಹೊರಗೇ ನಿಂತಿದೆ, ಹೋಗಿ ನೋಡಿ ಬನ್ನಿ. ಮುರಿದಿದ್ರೆ ನಾನೇ ಸಹಿ ಹಾಕ್ತೀನಿ."

ಯಾರೂ ಹೊರಗೆ ಹೋಗಲಿಲ್ಲ. ಇನ್ಸ್‌ಪೆಕ್ಟರ್ ಹಾಳೆಯನ್ನು ಮೇಜಿನ ಮೇಲೆ ಬಡಿದ. "ಮತ್ತೆ ಗಾಡಿ ಯಾಕಯ್ಯಾ ನಿಂತಿದ್ದು?"

ನನ್ನ ಗಂಡ ಆಗ ನನ್ನ ಕಡೆ ತಿರುಗಿದ.

"ನಾನು ನಿಲ್ಲಿಸಿದೆ" ಅಂದೆ. "ಹಾಗೇ ಬರ್ಕೊಳ್ಳಿ."

"ಗೊತ್ತಿದ್ದೂ ಗೊತ್ತಿದ್ದೂ?"

"ಗೊತ್ತಿದ್ದೇ."

ಇನ್ಸ್‌ಪೆಕ್ಟರ್ ಆವತ್ತು ಹೇಳಿದ್ದರಲ್ಲಿ ಒಂದೂ ಸುಳ್ಳಾಗಲಿಲ್ಲ. ಕೇಸು ನಡೆಯುತ್ತಿದೆ. ಗಾಡಿ ಸ್ಟೇಷನ್ನಿನ ಹಿಂದೆ ಬಿದ್ದಿದೆ. ಆಪರೇಷನ್ ಆಗಲಿಲ್ಲ. ಅದೆಲ್ಲ ನನಗೆ ಆ ಕುರ್ಚಿಯಲ್ಲಿ ಕೂತಾಗಲೇ ಗೊತ್ತಿತ್ತು.

ರೈಟರು ಹಳೇ ಹಾಳೆ ಹರಿದು ಹೊಸದು ತೆಗೆದ. ನಾನು ಹೇಳಿದ್ದನ್ನು ಬರೆದ. "ಓದಿ" ಅಂದೆ. ಓದಿದ. "ಇನ್ನೊಂದ್ಸಲ" ಅಂದೆ. ಮುಖ ಗಂಟು ಹಾಕಿಕೊಂಡು ಇನ್ನೊಂದು ಸಲ ಓದಿದ. ಒಂದಕ್ಷರವೂ ಸುಳ್ಳಿರಲಿಲ್ಲ. ಪೆನ್ನು ತೆಗೆದುಕೊಂಡು ಸಹಿ ಹಾಕಿದೆ.